ಗ್ಯಾರಂಟಿ ಕೊಟ್ಟ ದೇಶವಾಗಿ ಒಂದೂವರೆ ದಿನ

ಒಂದೂವರೆ ದಿನದ ಮಟ್ಟಿಗೆ ನಾನೊಂದು ದೇಶವಾಗಿದ್ದೆ. ಉತ್ತರ ಯುರೋಪಿನ, ಚಳಿ ಜಾಸ್ತಿ, ಜನ ಕಮ್ಮಿ, ಮೀನು ಧಾರಾಳವಾಗಿ ಸಿಗುವ ಒಂದು ದೇಶ. ಹೆಸರು ಹೇಳುವಂತಿಲ್ಲ. ಆ ಕೋಣೆಯಲ್ಲಿ ನಡೆದದ್ದನ್ನು ಹೊರಗೆ ಹೇಳಬಹುದು, ಯಾರು ಯಾವ ದೇಶವಾಗಿದ್ದರು ಎಂದು ಮಾತ್ರ ಹೇಳಬಾರದು ಎಂಬ ಷರತ್ತಿಗೆ ಎಲ್ಲರಂತೆ ನಾನೂ ಸಹಿ ಹಾಕಿದ್ದೇನೆ. ಸಹಿ ಹಾಕುವಾಗ ನಾನು ದೇಶವಾಗಿರಲಿಲ್ಲ, ಊಟ ತಿಂಡಿಯ ಉಸ್ತುವಾರಿಯಾಗಿದ್ದೆ.

ನನ್ನ ಕೆಲಸವೇ ಅದು. ಸಿಂಗಾಪುರದ ಟೋವಾ ಪಾಯೋದ ಒಂದು ಅಧ್ಯಯನ ಸಂಸ್ಥೆಯಲ್ಲಿ ನಾನು ಕಾರ್ಯಕ್ರಮಗಳ ವ್ಯವಸ್ಥೆ ನೋಡಿಕೊಳ್ಳುವವಳು. ದೊಡ್ಡ ವಿಷಯಗಳ ಮೇಲೆ ದೊಡ್ಡವರು ಬಂದು ಮಾತಾಡುತ್ತಾರೆ. ಅವರ ಕುರ್ಚಿ, ಮೈಕು, ಏಸಿಯ ಚಳಿ, ಯಾರಿಗೆ ಹಂದಿ ಆಗದು, ಯಾರಿಗೆ ಶೇಂಗಾ ಆಗದು, ಇದೆಲ್ಲ ನನ್ನ ಪಾಲು. ವರ್ಷಗಟ್ಟಲೆ ಈ ಕೆಲಸ ಮಾಡಿ ನಾನು ಕಂಡುಕೊಂಡ ಸತ್ಯ ಒಂದೇ. ಲೋಕದ ಸಮಸ್ಯೆ ಎಷ್ಟೇ ಗಂಭೀರವಾಗಿರಲಿ, ಹನ್ನೊಂದು ಗಂಟೆಗೆ ಕಾಫಿ ಬರದಿದ್ದರೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಆ ಸಲ ಇಟ್ಟುಕೊಂಡಿದ್ದು ಭಾಷಣವಲ್ಲ, ಒಂದು ಅಣಕು ಕಾರ್ಯಾಚರಣೆ. ಉಕ್ರೇನಿನ ಯುದ್ಧ ನಿಂತರೆ ಅದು ಮತ್ತೆ ಶುರುವಾಗದ ಹಾಗೆ ಪಶ್ಚಿಮದ ದೇಶಗಳು ಏನು ಗ್ಯಾರಂಟಿ ಕೊಡಬೇಕು ಎಂದು ಯುರೋಪಿನಲ್ಲಿ ಸಭೆಯ ಮೇಲೆ ಸಭೆ ನಡೆಯುತ್ತಿತ್ತು. ನಮ್ಮ ಆಟದಲ್ಲಿ ಅದೆಲ್ಲ ಮುಗಿದಿದೆ. ಕದನವಿರಾಮ ಆಗಿದೆ, ಗ್ಯಾರಂಟಿಗೆ ಸಹಿ ಬಿದ್ದಿದೆ. ಆಮೇಲೆ ಒಂದು ಬೆಳಗ್ಗೆ ರಷ್ಯಾ ಗಡಿರೇಖೆ ದಾಟಿ ನದಿ ದಡದ ಒಂದು ಪುಟ್ಟ ಊರಿನ ಕಡೆ ಬರುತ್ತದೆ. ಈಗ ಯಾರು ಏನು ಮಾಡುತ್ತಾರೆ? ಒಂದೊಂದು ಮೇಜು ಒಂದೊಂದು ದೇಶ. ನಡುವೆ ದೊಡ್ಡ ನಕ್ಷೆ. ಒಂದು ಸುತ್ತು ಎಂದರೆ ಆಟದ ಲೆಕ್ಕದಲ್ಲಿ ಅರ್ಧ ದಿನ. ಸುತ್ತು ಮುಗಿದಾಗ ಅಂಪೈರ್ ಗಂಟೆ ಹೊಡೆಯುತ್ತಾರೆ, ಬೇಕಾದಲ್ಲಿ ದಾಳ ಉರುಳಿಸುತ್ತಾರೆ.

ಅಂಪೈರ್ ನಮ್ಮವರೇ. ಹುಬ್ಬಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಇಲ್ಲಿನ ವುಡ್‌ಲ್ಯಾಂಡ್ಸ್‌ನಲ್ಲಿ ಮನೆ ಮಾಡಿಕೊಂಡವರು. ಇಂಥ ಆಟಗಳ ನಿಯಮ ಬರೆಯುವುದೇ ಅವರ ಉದ್ಯೋಗ. ಮಾಮೂಲಾಗಿ ಬೆಂಗಳೂರು ಕನ್ನಡ ಮಾತಾಡುತ್ತಾರೆ. ಸಿಟ್ಟು ಬಂದರೆ ಹುಬ್ಬಳ್ಳಿ ಹೊರಗೆ ಬರುತ್ತದೆ. ನಾನು ಉಡುಪಿಯವಳು, ನನ್ನದೂ ಅದೇ ಕಥೆ.

ಬೆಳಗ್ಗೆ ಎಲ್ಲರೂ ಬಂದು ಕೂತರು. ಒಂದು ಮೇಜು ಖಾಲಿ. ಆ ಚಳಿ ದೇಶವಾಗಬೇಕಾಗಿದ್ದ ತಜ್ಞರ ವಿಮಾನ ರದ್ದಾಗಿತ್ತು. ನಮ್ಮ ನಿರ್ದೇಶಕರು ಸಿಂಗಾಪುರದವರು, ಖಾಲಿ ಕುರ್ಚಿ ಕಂಡರೆ ಅವರಿಗೆ ತಲೆನೋವು ಬರುತ್ತದೆ. ಕಾಫಿಯ ಲೋಟ ಎಣಿಸುತ್ತಿದ್ದ ನನ್ನನ್ನು ಕರೆದು, “ನೀವು ಕೂತ್ಕೊಳ್ಳಿ, ಸುಮ್ಮನೆ. ಯಾರು ಏನು ಕೇಳಿದರೂ ‘ಮಿತ್ರರಾಷ್ಟ್ರಗಳ ಜೊತೆ ಸಮಾಲೋಚನೆ ಮಾಡ್ತೇವೆ’ ಅನ್ನಿ. ಇನ್ನೇನೂ ಬೇಡ” ಎಂದರು.

“ಅಷ್ಟು ಸಾಕಾ?”

“ಆ ತಜ್ಞರು ಬಂದಿದ್ದರೂ ಅಷ್ಟೇ ಹೇಳ್ತಿದ್ದರು.”

ಕೂತೆ. ನನ್ನ ಮೇಜಿನ ಮೇಲೆ ಒಂದು ಪುಟ್ಟ ಬಾವುಟ ಮತ್ತು ಕೆಲವು ಪ್ಲಾಸ್ಟಿಕ್ ಕಾಯಿಗಳು. ಒಂದು ಕಾಲಾಳು ಪಡೆ, ಒಂದಷ್ಟು ಟ್ಯಾಂಕು, ವಿಮಾನ ಹೊಡೆಯುವ ಫಿರಂಗಿ, ಒಂದು ಆಸ್ಪತ್ರೆ, ಒಂದು ಸಂಚಾರಿ ಅಡುಗೆಮನೆ. ಇಷ್ಟು ದಿನ ಬರೀ ಸಮೋಸಾ ಹಂಚಿದ ಕೈಗೆ ಒಂದು ಸೇನೆ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಪಕ್ಕದ ಮೇಜಿನಲ್ಲಿ ಯುರೋಪಿನ ಒಂದು ದೊಡ್ಡ ದೇಶವಾಗಿ ಕೂತವರು ನಿವೃತ್ತ ಜನರಲ್. ಅದರಾಚೆ ಇನ್ನೂ ದೊಡ್ಡ ದೇಶವಾಗಿ ಮಾಜಿ ರಾಯಭಾರಿ. ಎದುರಿಗೆ ರಷ್ಯಾ ಆಗಿ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಬಹಳ ಮೃದು ಮನುಷ್ಯ. ಪ್ರತಿ ದಾಳಿಗೆ ಮೊದಲು ‘ಕ್ಷಮಿಸಿ’ ಎಂದು ಕಾಯಿ ಸರಿಸುತ್ತಿದ್ದರು. ಉಕ್ರೇನಿನ ಮೇಜಿನಲ್ಲಿ ಮಾತ್ರ ನಿಜವಾಗಿಯೂ ಉಕ್ರೇನಿನವರೇ ಇದ್ದರು. ಐವತ್ತರ ಹತ್ತಿರದ ಹೆಂಗಸು, ಅಲ್ಲಿನ ರೈಲ್ವೆಯಲ್ಲಿ ಸರಕು ಸಾಗಣೆ ನೋಡಿಕೊಂಡಿದ್ದವರು, ಈಗ ಅವರ ಸರ್ಕಾರದ ಒಂದು ಸಲಹಾ ತಂಡದಲ್ಲಿದ್ದಾರೆ. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆದೆವು.

ಮೊದಲ ಸುತ್ತು ಶುರುವಾಯಿತು. ಪ್ರಾಧ್ಯಾಪಕರು “ಕ್ಷಮಿಸಿ” ಎಂದು ಗಡಿ ದಾಟಿದರು. ಮೇಡಂ ಎದ್ದು ಒಂದೊಂದೇ ಮೇಜಿಗೆ ಹೋದರು. ರಾಯಭಾರಿಗಳು ತೀವ್ರ ಕಳವಳ ವ್ಯಕ್ತಪಡಿಸಿದರು. ಜನರಲ್, ಎಲ್ಲ ಆಯ್ಕೆಗಳೂ ಮೇಜಿನ ಮೇಲಿವೆ ಎಂದರು. ಅವರ ಮೇಜಿನ ಮೇಲೆ ಇದ್ದದ್ದು ಅರ್ಧ ತಿಂದ ಬಾಳೆಹಣ್ಣಿನ ಕೇಕು.

ಆಮೇಲೆ ಮೇಡಂ ನನ್ನ ಹತ್ತಿರ ಬಂದರು. ಉಳಿದವರ ಹಾಗೆ ನಿಂತು ಮಾತಾಡಲಿಲ್ಲ. ನನ್ನ ಕುರ್ಚಿಯ ಪಕ್ಕ ಕೂತು, ನನ್ನ ಕೈ ಹಿಡಿದುಕೊಂಡು, ಮುಖ ನೋಡಿ ಕೇಳಿದರು. “ಅವರು ಬೆಳಗ್ಗೆ ಒಳಗೆ ಬಂದಿದ್ದಾರೆ. ನೀವು ಬರ್ತೀರಾ?”

ಈಗ ಒಂದು ವಿಷಯ ಹೇಳಬೇಕು. ದಾಕ್ಷಿಣ್ಯ ನಮ್ಮ ಮನೆತನಕ್ಕೆ ಅಂಟಿದ ಕಾಯಿಲೆ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ, ಯಾವುದಕ್ಕೆ ಯಾರು ಕರೆದರೂ ನಮ್ಮ ಬಾಯಿಂದ ಬರುವುದು ಒಂದೇ ಮಾತು. ಹೋಗುತ್ತೇವೋ ಇಲ್ಲವೋ ಎಂಬುದಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ. ಅದು ಕರೆದವರ ಮನಸ್ಸಿಗೆ ಬೇಸರವಾಗಬಾರದು ಎಂದು ಆಡುವ ಮಾತು, ಅಷ್ಟೇ. ಎದುರಿಗೆ ಕೂತು, ಕೈ ಹಿಡಿದುಕೊಂಡು ಕರೆದರೆ ಕೇಳುವುದೇ ಬೇಡ.

“ಅಯ್ಯೋ, ಖಂಡಿತ” ಎಂದೆ ನಾನು, ಇಂಗ್ಲಿಷಿನಲ್ಲಿ. “ಖಂಡಿತ ಬರ್ತೇವೆ.”

ಅಂಪೈರ್ ಗಂಟೆ ಹೊಡೆದರು. “ಸೇನೆ ಕಳಿಸುವ ಬದ್ಧತೆ. ದಾಖಲಾಯಿತು.”

ಇಡೀ ಕೋಣೆ ನನ್ನ ಕಡೆ ತಿರುಗಿತು. ಜನರಲ್ ಕೈಯಲ್ಲಿದ್ದ ಕೇಕು ತಟ್ಟೆಗೆ ಇಳಿಯಿತು. ನಿರ್ದೇಶಕರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅಂಪೈರ್ ನನ್ನ ಮೇಜಿನ ಬಳಿ ಬಂದು, ನಕ್ಷೆ ತೋರಿಸುವವರ ಹಾಗೆ ಬಗ್ಗಿ, ಹಲ್ಲು ಕಚ್ಚಿ ಕನ್ನಡದಲ್ಲಿ ಕೇಳಿದರು.

“ಏನ್ ಮಾಡಿದ್ರಿ ನೀವು? ಒಂದ ಲೈನ್ ಹೇಳಿಕೊಟ್ಟಿದ್ರು ನಿಮಗ. ಒಂದ.”

“ಕೈ ಹಿಡ್ಕೊಂಡು ಕೇಳಿದ್ರು ಮಾರಾಯ್ರೆ. ಮುಖ ನೋಡ್ಕೊಂಡು ಇಲ್ಲ ಅಂತ ಹೇಗೆ ಹೇಳೋದು?”

“ನಮ್ಮನಿ ಗೃಹಪ್ರವೇಶಕ್ಕೂ ಹಿಂಗ ಅಂದಿದ್ರಿ. ಖಂಡಿತ ಅಂತ. ಇದ ಊರಾಗ, ನಿಮ್ಮ ಹೌಗಾಂಗ್ ಮನಿಯಿಂದ ವುಡ್‌ಲ್ಯಾಂಡ್ಸ್‌ಗೆ ಬರಾಕ ಆಗಲಿಲ್ಲ ನಿಮಗ. ಈಗ ಉಕ್ರೇನಿಗೆ ಸೈನ್ಯ ತಗೊಂಡು ಹೊಂಟೀರಿ.”

ಅವತ್ತು ಮಳೆ ಇತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಕಾಫಿ ವಿರಾಮದಲ್ಲಿ ನಿರ್ದೇಶಕರು ನನ್ನನ್ನು ಮೂಲೆಗೆ ಕರೆದರು. ಮುಂದಿನ ಗಂಟೆ ಹೊಡೆಯುವುದರೊಳಗೆ ಮಾತು ವಾಪಸು ಪಡೆಯಲು ನಿಯಮದಲ್ಲಿ ಅವಕಾಶವಿದೆ, ಪಡೆಯಿರಿ ಎಂದರು. ಸರಿ ಎಂದೆ. ಅವರಿಗೂ ಖಂಡಿತ ಎಂದೇ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಅವರಿಗೆ ತಕ್ಷಣ ಸಮಾಧಾನವಾಯಿತು.

ಮಾತು ವಾಪಸು ಪಡೆಯುವ ಮೊದಲು ಮೇಡಂಗೆ ಮುಖತಃ ಹೇಳುವುದು ಸರಿ ಎನಿಸಿತು. ಅವರು ಕಿಟಕಿಯ ಬಳಿ ಕಾಫಿ ಹಿಡಿದು ಕೆಳಗೆ ಬಸ್ಸುಗಳನ್ನು ನೋಡುತ್ತ ನಿಂತಿದ್ದರು. ನಾನು ತಜ್ಞೆಯಲ್ಲ, ತಿಂಡಿಯ ಉಸ್ತುವಾರಿ, ಬಾಯಿ ತಪ್ಪಿ ಹೇಳಿಬಿಟ್ಟೆ ಎಂದೆ.

“ಗೊತ್ತು” ಎಂದರು. “ಬೆಳಗ್ಗೆ ನನಗೆ ಹಾಲಿಲ್ಲದ ಕಾಫಿ ತಂದುಕೊಟ್ಟದ್ದು ನೀವೇ ಅಲ್ಲವಾ?”

“ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ?”

“ಉಳಿದ ಮೇಜುಗಳು ಮುಗಿದಿದ್ದವು.”

ಅವರ ಇಂಗ್ಲಿಷು ಹಾಗೇ, ಸಣ್ಣ ಸಣ್ಣ ವಾಕ್ಯ, ಮೇಲೊಂದು ಅಲಂಕಾರವಿಲ್ಲ. ಮುಂದಿನ ವಾರ ಯುರೋಪಿನಲ್ಲಿ ನಿಜವಾದ ಸಭೆಯಿದೆ, ಅದರಲ್ಲಿ ಗ್ಯಾರಂಟಿಯ ಬಗ್ಗೆ ಅವರ ತಂಡ ಮಾತಾಡಬೇಕು ಎಂದರು. “ಎಲ್ಲರೂ ನನಗೆ ವಾಕ್ಯಗಳನ್ನು ತೋರಿಸ್ತಾರೆ. ಒಳ್ಳೆಯ ವಾಕ್ಯಗಳು. ‘ಬರ್ತೇವೆ’ ಅಂದಮೇಲೆ ಬಂದು ಮುಟ್ಟುವವರೆಗೆ ಏನೇನಾಗ್ತದೆ ಅಂತ ಯಾರೂ ತೋರಿಸುವುದಿಲ್ಲ. ಯಾವ ದಾರಿ, ಯಾವ ಸೇತುವೆ, ಯಾರ ಒಪ್ಪಿಗೆ. ಇಲ್ಲಿಯಾದರೂ ಒಬ್ಬರು ಹೊರಟರೆ ನೋಡಬಹುದು ಅಂದುಕೊಂಡು ಬಂದೆ. ಹದಿನಾರು ಗಂಟೆ ವಿಮಾನದಲ್ಲಿ ಕೂತು.”

“ನಾನು ಹೊರಟರೆ ಎಲ್ಲ ತಪ್ಪು ಮಾಡ್ತೇನೆ” ಎಂದೆ.

“ಅದೂ ನೋಡಬೇಕಾದದ್ದೇ.”

ಇವರು ಬರಿಗೈಯಲ್ಲಿ ವಾಪಸು ಹೋಗಬಾರದು ಎಂದು ನನಗೆ ಆ ಕ್ಷಣ ಬಹಳ ಬಲವಾಗಿ ಅನಿಸಿತು. ಅದು ದಾಕ್ಷಿಣ್ಯವಲ್ಲ. ದಾಕ್ಷಿಣ್ಯ ಬಂದಾಗ ನನಗೆ ಒಳಗೆ ಒಂದು ಇರುಸುಮುರುಸು ಇರುತ್ತದೆ, ಇದರಲ್ಲಿ ಇರಲಿಲ್ಲ. ಗಂಟೆ ಹೊಡೆದಾಗ ಅಂಪೈರ್ ನನ್ನ ಕಡೆ ನೋಡಿದರು. ಮಾತು ವಾಪಸಿಲ್ಲ ಎಂದೆ. ನಿರ್ದೇಶಕರು ಕುರ್ಚಿಗೆ ಒರಗಿ ಸೂರು ನೋಡತೊಡಗಿದರು.

ಎರಡನೆಯ ಸುತ್ತು. ಅಂಪೈರ್ ನಿಯಮಪುಸ್ತಕ ತೆರೆದರು. ಅವರ ಮುಖದಲ್ಲಿ ಅಂಥ ಆನಂದವನ್ನು ನಾನು ಹಿಂದೆ ಕಂಡಿರಲಿಲ್ಲ. ಇಷ್ಟು ಕಷ್ಟಪಟ್ಟು ಅಡಚಣೆಗಳನ್ನು ಬರೆದಿಟ್ಟು, ಯಾರೂ ಹೊರಡದೆ ಎಲ್ಲವೂ ದಂಡವಾಗುತ್ತಿತ್ತಲ್ಲ.

ನಾನು ಮೊದಲು ಕಾಲಾಳು ಪಡೆಯ ಕಾಯಿ ಎತ್ತಿದೆ. ಯುದ್ಧಕ್ಕೆ ಪಡೆ ಕಳಿಸಲು ನನ್ನ ದೇಶದ ಸಂಸತ್ತು ಒಪ್ಪಬೇಕು, ಇವತ್ತು ಶನಿವಾರ ಎಂದರು. ಸಂಸತ್ತು ಸೋಮವಾರ ಸೇರುತ್ತದೆ.

ಟ್ಯಾಂಕು ಎತ್ತಿದೆ. ಹಡಗಿನಲ್ಲಿ ಕಳಿಸಿ, ಬಂದರಿನಲ್ಲಿ ಇಳಿಸಿ, ರೈಲಿಗೆ ಹತ್ತಿಸಿದೆ. ದಾರಿಯ ದೇಶದಲ್ಲಿ ಒಂದು ಸೇತುವೆ ಅಷ್ಟು ಭಾರ ತಾಳುವುದಿಲ್ಲವಂತೆ, ಸುತ್ತಿ ಹೋಗಬೇಕು. ಸುತ್ತಿ ಹೋದೆ. ಉಕ್ರೇನಿನ ಗಡಿಗೆ ಬಂದರೆ ಅಲ್ಲಿ ಹಳಿಯ ಅಗಲವೇ ಬೇರೆ. ಒಂದೊಂದೇ ಟ್ಯಾಂಕನ್ನು ಇಳಿಸಿ ಬೇರೆ ಗಾಡಿಗೆ ಹತ್ತಿಸಬೇಕು. ನಾನು ಚಿಕ್ಕವಳಿದ್ದಾಗ ಮೀಟರ್ ಗೇಜ್ ರೈಲು ಇಳಿದು ಬ್ರಾಡ್ ಗೇಜ್ ಹತ್ತಲು ಟ್ರಂಕು ಹೊತ್ತು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದ್ದು ನೆನಪಾಯಿತು. ಆಗ ನಮಗೆ ಕೂಲಿಯಾದರೂ ಸಿಗುತ್ತಿದ್ದ.

ಫಿರಂಗಿ ಎತ್ತಿದೆ. ಅದರ ಮದ್ದುಗುಂಡು ಅಪಾಯಕಾರಿ ಸರಕು, ದಾರಿಯ ದೇಶದ ಸುರಂಗಗಳಲ್ಲಿ ಬಿಡುವುದಿಲ್ಲ, ವಿಶೇಷ ಪರವಾನಗಿ ಬೇಕು. ಪರವಾನಗಿ ಕಚೇರಿಗೂ ಶನಿವಾರ ರಜೆ.

“ಆ ದೇಶದವರಿಗೆ ಫೋನ್ ಮಾಡಬಹುದಾ?” ಎಂದು ಕೇಳಿದೆ.

“ಮಾಡಬಹುದು. ಆ ದೇಶ ನಿಮ್ಮ ಪಕ್ಕದಲ್ಲೇ ಕೂತಿದೆ.”

ಜನರಲ್ ಕಡೆ ತಿರುಗಿದೆ. ಅವರು ಭುಜ ಕುಣಿಸಿದರು. “ನಿಜ ಹೇಳಬೇಕೆಂದರೆ ನಮ್ಮ ಪರವಾನಗಿ ಕಚೇರಿ ನನ್ನ ಫೋನನ್ನೂ ಎತ್ತುತ್ತಿರಲಿಲ್ಲ.”

ಮೇಡಂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಗೇಜು ಬದಲಾಯಿಸುವ ಜಾಗ ಬಂದಾಗ ಅಂಪೈರ್‌ಗೇ ಒಂದು ತಿದ್ದುಪಡಿ ಹೇಳಿದರು. ಅದು ಅವರ ಹಳೆಯ ಕೆಲಸ.

ನನ್ನ ಕೈಯಲ್ಲಿ ಉಳಿದದ್ದು ಆಸ್ಪತ್ರೆ ಮತ್ತು ಅಡುಗೆಮನೆ. ಇಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ನಮ್ಮ ಕಡೆ ಯಾವ ಸಮಾರಂಭವಿರಲಿ, ಅಡುಗೆಯವರು ಹಿಂದಿನ ದಿನವೇ ಹೋಗಿ ಪಾತ್ರೆ ಇಳಿಸಿ ಒಲೆ ಹೂಡಬೇಕು. ನೆಂಟರು ಬಂದಮೇಲೆ ಒಲೆ ಹೂಡುವುದುಂಟೇ? ಇಷ್ಟು ಜನ ಸೈನಿಕರು ಹಳಿ ಬದಲಾಯಿಸಿ, ಸೇತುವೆ ಸುತ್ತಿ, ಸುಸ್ತಾಗಿ ಬಂದಾಗ ಬಿಸಿಯಾಗಿ ಏನಾದರೂ ಇರಬೇಡವೇ?

“ಅಡುಗೆಯವರು ಮೊದಲು ಹೋಗಲಿ” ಎಂದೆ.

ಅಂಪೈರ್ ಬಾಯಿ ತೆರೆದರು. ಮುಚ್ಚಿದರು. ಪುಸ್ತಕ ತಿರುವಿದರು. ಅಡುಗೆಯವರು ಸಹಾಯಕ ಸಿಬ್ಬಂದಿ, ಸಂಸತ್ತಿನ ಒಪ್ಪಿಗೆ ಬೇಡ. ಲಾರಿ ಹಗುರ, ಸೇತುವೆ ತಾಳುತ್ತದೆ. ಮದ್ದುಗುಂಡಿಲ್ಲ, ಸುರಂಗದಲ್ಲಿ ಬಿಡುತ್ತಾರೆ. ರಸ್ತೆಯಲ್ಲೇ ಹೋಗುವುದರಿಂದ ಹಳಿಯ ಗೊಡವೆಯಿಲ್ಲ. ಪುಸ್ತಕವನ್ನು ಮತ್ತೊಮ್ಮೆ ಹಿಂದಿನಿಂದ ಮುಂದಕ್ಕೆ ನೋಡಿದರು. ತಡೆಯಲು ಏನೂ ಸಿಗಲಿಲ್ಲ.

“ಹೋಗ್ತಾರೆ” ಎಂದರು, ಸೋತ ದನಿಯಲ್ಲಿ.

ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಹತ್ತಿರದ ಹಾಕರ್ ಸೆಂಟರಿನ ಅಂಗಡಿ ಸಾಲಿಗೆ ಕರೆದುಕೊಂಡು ಹೋದೆ. ದೇಶವಾಗಿದ್ದೆನೆಂದು ಊಟದ ಜವಾಬ್ದಾರಿ ತಪ್ಪಲಿಲ್ಲ. ಜನರಲ್ ನೂಡಲ್ಸ್ ಎದುರಿಗೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಲವತ್ತು ವರ್ಷದ ಸೇವೆಯಲ್ಲಿ ಸೂಪಿನ ಆಕ್ರಮಣ ನೋಡಿರಲಿಲ್ಲವಂತೆ. ನಾನೂ ನಕ್ಕೆ. ಒಳಗೆ ಉರಿಯಿತು, ಆದರೂ ನಕ್ಕೆ.

ಮೇಡಂ ನಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಆ ಊರು ನನ್ನದು” ಎಂದರು.

“ನಕ್ಷೆಯಲ್ಲಿರುವ ಊರಾ?”

“ಆಟಕ್ಕೆ ಯಾವ ಊರು ಆಗಬಹುದು ಅಂತ ನಿಮ್ಮ ಅಂಪೈರ್ ಕೇಳಿದ್ದರು. ನಾನೇ ಹೆಸರು ಕೊಟ್ಟೆ. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಹೊರಡು ಅಂದರೆ ಕೋಳಿಗಳನ್ನು ಯಾರು ನೋಡಿಕೊಳ್ತಾರೆ ಅಂತಾಳೆ. ಈಗ ಕೋಳಿಗಳೂ ಇಲ್ಲ.”

ಜನರಲ್ ನೂಡಲ್ಸ್ ಕಲಸುವುದನ್ನು ನಿಲ್ಲಿಸಿದರು. ನಾನು ಮೇಡಂಗೆ ಇನ್ನೊಂದು ಕಾಫಿ ತರಲು ಎದ್ದೆ. ಅದೊಂದು ನನಗೆ ಸರಿಯಾಗಿ ಬರುವ ಕೆಲಸ.

ಮಧ್ಯಾಹ್ನದ ಸುತ್ತಿನಲ್ಲಿ ನನ್ನ ಅಡುಗೆಮನೆ ಊರು ಮುಟ್ಟಿತು. ನದಿಯ ಈಚೆ ದಡದ ಶಾಲೆಯಲ್ಲಿ ಒಲೆ ಹೂಡಿತು. ಅಂಪೈರ್ ನನ್ನ ಬಾವುಟದ ಪುಟ್ಟ ಕಾಯಿಯನ್ನು ಊರಿನ ಮೇಲೆ ಇಟ್ಟರು. ಇಡೀ ಯುರೋಪಿನಿಂದ ಅಲ್ಲಿಗೆ ಬಂದ ಕಾಯಿ ಅದೊಂದೇ.

ಪ್ರಾಧ್ಯಾಪಕರು ಊರಿಗೆ ಹೊಡೆಯಲು ಕೈ ಚಾಚಿದವರು ತಡೆದು ನಿಂತರು. “ಕ್ಷಮಿಸಿ, ಇವರು ಸೈನಿಕರೋ?”

“ಸಮವಸ್ತ್ರ ಹಾಕಿದ್ದಾರೆ, ಸೇನೆಯ ಸಂಬಳ ತಗೊಳ್ತಾರೆ” ಎಂದರು ಅಂಪೈರ್. “ಕೈಯಲ್ಲಿ ಸೌಟು ಇದೆ.”

“ಊರಿಗೆ ಹೊಡೆದರೆ ಇವರಿಗೂ ಬೀಳುತ್ತದೆ?”

“ಬೀಳಬಹುದು.”

“ಆಗ ಗ್ಯಾರಂಟಿ ಕೊಟ್ಟ ದೇಶಕ್ಕೇ ನಾನು ಹೊಡೆದ ಹಾಗೆ.”

ಪ್ರಾಧ್ಯಾಪಕರು ಕೈ ಹಿಂದಕ್ಕೆ ಎಳೆದುಕೊಂಡರು. ಗಲ್ಲ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. ಈ ಸುತ್ತಿನಲ್ಲಿ ಕಾಯುತ್ತೇನೆ ಎಂದರು. ಗಂಟೆ ಹೊಡೆಯಿತು. ಊರು ಸಂಜೆಯವರೆಗೆ ಉಳಿಯಿತು, ಉಳಿಸಿದ್ದು ಒಂದು ಸಾರಿನ ಹಂಡೆ. ಜನರಲ್ ಈಗ ನಗುತ್ತಿರಲಿಲ್ಲ, ನಕ್ಷೆಯ ಮೇಲೆ ಬಗ್ಗಿ ಆ ಕಾಯಿಯನ್ನೇ ನೋಡುತ್ತಿದ್ದರು. ನಿರ್ದೇಶಕರು ಬಂದು, ಇದನ್ನು ನಾನು ಯೋಚಿಸಿಯೇ ಮಾಡಿದೆನಾ ಎಂದು ಪಿಸುಗುಟ್ಟಿ ಕೇಳಿದರು. ಹೌದು ಎಂದೆ. ಒಂದು ದೇಶವಾಗಿದ್ದುಕೊಂಡು ಸಣ್ಣದೊಂದು ಸುಳ್ಳು ಹೇಳದಿದ್ದರೆ ಹೇಗೆ?

ಮನೆಗೆ ಹೋಗಿ ಮಗಳಿಗೆ ಹೇಳಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಪಾಲಿಟೆಕ್ನಿಕ್ ಓದುತ್ತಾಳೆ. ಊಟ ನಿಲ್ಲಿಸಿ ಕೇಳಿದಳು.

“ಅಮ್ಮಾ, ಟ್ಯಾಂಕ್ಸ್ ಸ್ಟಕ್ ಆಗಿದೆ, ಬಟ್ ಕುಕ್ಸ್ ಫ್ರಂಟ್‌ಲೈನ್‌ನಲ್ಲಿ ಇದ್ದಾರಾ? ಸೀರಿಯಸ್ ಆ?”

“ಅವರಿಂದಲೇ ಊರು ಉಳೀತು ಗೊತ್ತಾ?”

“ಟುಡೇ ಉಳೀತು ಲಾ. ನಾಳೆ ಅವ್ರು ಕುಕ್ಸ್‌ನ ಶೂಟ್ ಮಾಡಿದ್ರೆ?”

“ಮಾಡಲ್ಲ. ಅವರು ಬಹಳ ಒಳ್ಳೆ ಪ್ರೊಫೆಸರ್” ಎಂದೆ.

ಮಾಡಿದರು. ಮರುದಿನ ಬೆಳಗ್ಗೆ ಮೊದಲ ಕೆಲಸವೇ ಅದು. ರಾತ್ರಿ ಯೋಚಿಸಿದೆ, ಈ ಅಡುಗೆಯವರ ಹಿಂದೆ ನಿಜವಾಗಿ ಯಾರಾದರೂ ಬರುತ್ತಾರೋ ಇಲ್ಲವೋ ಎಂದು ತಿಳಿದುಕೊಳ್ಳಲು ಇದೊಂದೇ ದಾರಿ ಎಂದರು. ಆಮೇಲೆ “ಕ್ಷಮಿಸಿ” ಎಂದು ನನ್ನ ಕಡೆಗೇ ತಿರುಗಿ ಹೇಳಿದರು. ಅಂಪೈರ್ ದಾಳ ಉರುಳಿಸಿದರು. ಒಂದು ಸಲ ಸಾಲದೆಂದು ಇನ್ನೊಂದು ಸಲ ಉರುಳಿಸಿದರು.

“ಶಾಲೆಯ ಅಂಗಳಕ್ಕೆ ಶೆಲ್ ಬಿದ್ದಿದೆ. ನಿಮ್ಮ ಮೂವರು ಸತ್ತಿದ್ದಾರೆ.”

ಪ್ಲಾಸ್ಟಿಕ್ ಕಾಯಿ ಎಂದು ನನಗೆ ಗೊತ್ತು. ಏಸಿ ನಾನೇ ಇಟ್ಟ ಉಷ್ಣತೆಯಲ್ಲಿ ಓಡುತ್ತಿತ್ತು, ಹನ್ನೊಂದರ ಕಾಫಿಗೆ ಇನ್ನೂ ಸಮಯವಿತ್ತು. ಆದರೂ ಕುರ್ಚಿಯಿಂದ ಮುಂದಕ್ಕೆ ಬಗ್ಗಿ ಆ ಕಾಯಿಯನ್ನು ನೋಡಿದೆ. ಬೆಳಗ್ಗೆ ಬೇಗ ಎದ್ದು, ಯಾರಿಗೋ ಬಿಸಿಯಾಗಿ ಏನಾದರೂ ಆಗಲಿ ಎಂದು ಒಲೆ ಹಚ್ಚಿದವರು. ನಾನು ಕಳಿಸಿದವರು. ಸೌಟು ಹಿಡಿದವರನ್ನು ಮೊದಲು ಕಳಿಸಿದ್ದು ನಾನು.

ಅಂಪೈರ್ ದನಿ ತಗ್ಗಿಸಿದರು. ನಿಯಮದ ಪ್ರಕಾರ ನನಗೆ ಎರಡು ದಾರಿ. ಅಡುಗೆಯವರನ್ನು ವಾಪಸು ಕರೆಸಿಕೊಳ್ಳಬಹುದು, ಗ್ಯಾರಂಟಿ ಅಲ್ಲಿಗೆ ಮುಗಿಯುತ್ತದೆ. ಅಥವಾ ಇರಿಸಬಹುದು, ಮುಂದಿನ ಸುತ್ತಿನಲ್ಲಿ ಮತ್ತೆ ದಾಳ.

ರಾಯಭಾರಿಗಳು, ಯೋಧರಲ್ಲದವರನ್ನು ಹಿಂದಕ್ಕೆ ಕರೆಸುವುದು ಜವಾಬ್ದಾರಿಯುತ ನಡೆ, ಯಾರೂ ತಪ್ಪು ತಿಳಿಯುವುದಿಲ್ಲ ಎಂದರು. ಅವರ ಮಾತು ತಪ್ಪೆಂದು ಹೇಳಲು ನನ್ನಿಂದ ಆಗಲಿಲ್ಲ. ಸತ್ತವರಿಗೂ ಮನೆಯಿರುತ್ತದೆ, ಅಲ್ಲಿ ಯಾರೋ ಊಟಕ್ಕೆ ಕಾಯುತ್ತಿರುತ್ತಾರೆ. ಟ್ಯಾಂಕುಗಳು ಇನ್ನೂ ಗಡಿಯಲ್ಲಿ ಗಾಡಿ ಬದಲಾಯಿಸುತ್ತಿದ್ದವು.

ಮೇಡಂ ಎದ್ದು ಬಂದರು. ಈ ಸಲ ಪಕ್ಕದಲ್ಲಿ ಕೂರಲಿಲ್ಲ. ನಕ್ಷೆಯ ಆಚೆ ಬದಿಯಲ್ಲಿ, ದೂರದಲ್ಲೇ ನಿಂತು, ನನ್ನ ಮುಖವನ್ನೂ ನೋಡದೆ ಕೇಳಿದರು. ನನಗೆ ದಾಕ್ಷಿಣ್ಯವಾಗದಿರಲಿ ಎಂದೇ ಹಾಗೆ ಮಾಡಿದರೆಂದು ಈಗಲೂ ನಂಬಿದ್ದೇನೆ.

“ಇರ್ತೀರಾ?”

ಅಂಪೈರ್ ಗಡಿಯಾರ ನೋಡಿದರು. ನಿರ್ದೇಶಕರು ಕೆಮ್ಮಿದರು. ಜನರಲ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಆ ಮೂವರ ಬಗ್ಗೆ ಯೋಚಿಸಿದೆ, ಉಳಿದವರ ಬಗ್ಗೆ ಯೋಚಿಸಿದೆ. ಇವರನ್ನು ಕರೆಸಿಕೊಂಡರೆ ಆ ಊರಿನಲ್ಲಿ ಕೋಳಿಯೂ ಇಲ್ಲದ ಮನೆಯಲ್ಲಿ ಕೂತಿರುವ ಮುದುಕಿಯ ಮತ್ತು ಪ್ರಾಧ್ಯಾಪಕರ ನಡುವೆ ಇನ್ನು ಯಾರೂ ಇರುವುದಿಲ್ಲ ಎಂದು ಯೋಚಿಸಿದೆ. ಇಷ್ಟು ಹೊತ್ತು ನಾನು ಯಾರಿಗೂ ಉತ್ತರ ಕೊಡದೆ ಕೂತದ್ದು ನೆನಪಿಲ್ಲ.

ಕೊನೆಗೆ “ಇರ್ತೇವೆ” ಎಂದೆ. ದನಿ ಸರಿಯಾಗಿ ಬರಲಿಲ್ಲ, ಅಂಪೈರ್ ಮತ್ತೊಮ್ಮೆ ಹೇಳಿಸಿದರು. ಹೇಳಿದೆ.

ಮೇಡಂ ತಲೆಯಾಡಿಸಿ ತಮ್ಮ ಜಾಗಕ್ಕೆ ಹೋದರು. ಆಗ ಜನರಲ್ ದಡಕ್ಕನೆ ಎದ್ದರು. ಯಾರ ಮೇಲೆ ಎಂದು ತಿಳಿಯದ ಸಿಟ್ಟಿನಲ್ಲಿ ಗೊಣಗಿದರು. “ಅಡುಗೆಯವರನ್ನು ಮುಂದೆ ಬಿಟ್ಟು ಫಿರಂಗಿಯನ್ನು ಸುರಂಗದಲ್ಲಿ ನಿಲ್ಲಿಸಿಕೊಂಡು ಕೂತ ಸೇನೆ ಅಂತ ನನ್ನನ್ನು ಕರೆಯುವುದು ಬೇಡ. ಪರವಾನಗಿ ಕೊಟ್ಟಿದ್ದೇನೆ. ನನ್ನ ಹೆಸರಲ್ಲೇ. ಕಚೇರಿ ಸೋಮವಾರ ತೆರೆದಾಗ ನನ್ನನ್ನು ಬೈಯಲಿ.” ತಮ್ಮ ವಿಮಾನ ಹೊಡೆಯುವ ಫಿರಂಗಿಯ ಕಾಯಿಯನ್ನೂ ನನ್ನದರ ಜೊತೆ ಹೊರಡಿಸಿದರು. ರಾಯಭಾರಿಗಳು ಸಮಾಲೋಚನೆ ಮುಂದುವರಿಸಿದರು.

ಮಧ್ಯಾಹ್ನಕ್ಕೆ ಆಟ ಮುಗಿಯಿತು. ಫಿರಂಗಿಗಳು ತಡವಾಗಿ ಬಂದವು, ಆದರೆ ಬಂದವು. ಊರು ಪೂರ್ತಿ ಉಳಿಯಲಿಲ್ಲ. ನದಿಯ ಆಚೆ ದಡ ಹೋಯಿತು, ಈಚೆ ದಡ ಉಳಿಯಿತು. ಅಂಪೈರ್ ಫಲಿತಾಂಶ ಓದುವಾಗ ಮೇಡಂ ನಕ್ಷೆಯ ಬಳಿ ಬಂದು, ಈಚೆ ದಡದಲ್ಲಿ ಒಂದು ಕಡೆ ಬೆರಳಿಟ್ಟು ತೆಗೆದರು.

ಬಂದವರನ್ನು ಟ್ಯಾಕ್ಸಿಗೆ ಹತ್ತಿಸುವುದೂ ನನ್ನ ಕೆಲಸವೇ. ಮೇಡಂಗೆ ಸಂಜೆಯ ವಿಮಾನ. ಕೆಳಗೆ ಬಂದು ಚೀಲ ಡಿಕ್ಕಿಗೆ ಹಾಕಿದೆ. ದಾರಿಗೆ ಎಂದು ಎರಡು ಬನ್ನು ಕಟ್ಟಿಕೊಟ್ಟೆ. ನನಗೆ ಒಂದೇ ಚಿಂತೆ ಇತ್ತು, ಕೇಳಿಯೇಬಿಟ್ಟೆ.

“ನಿಮ್ಮ ಸಭೆಗೆ ಏನಾದರೂ ಸಿಕ್ಕಿತಾ? ನಾನು ಎಲ್ಲ ಉಲ್ಟಾ ಮಾಡಿದೆ. ಅಲ್ಲಿ ಹೋಗಿ ಸೂಪಿನ ಕಥೆ ಹೇಳಿದರೆ ಅವರು ನಗ್ತಾರೆ.”

“ನಗಲಿ. ನಗು ಮುಗಿದ ಮೇಲೆ ಸೇತುವೆ, ಸುರಂಗ, ಸೋಮವಾರ, ಎಲ್ಲ ಹೇಳ್ತೇನೆ.” ಟ್ಯಾಕ್ಸಿಯ ಬಾಗಿಲು ಹಿಡಿದು ಒಂದು ಕ್ಷಣ ನಿಂತರು. “ನಿನ್ನೆ ನೀವು ಬರ್ತೇವೆ ಅಂದದ್ದನ್ನು ನಾನು ಬರೆದುಕೊಳ್ಳಲಿಲ್ಲ. ತುಂಬಾ ಬೇಗ ಹೇಳಿದಿರಿ. ಇವತ್ತು ತಡ ಮಾಡಿದಿರಿ. ಅದನ್ನು ಬರೆದುಕೊಂಡಿದ್ದೇನೆ.”